ಮಾರ್ಗಸೂಚಿ ಮೀಮಾಂಸೆ: ಕರುನಾಡ ಕರ್ಫ್ಯೂ ವಾಙ್ಮಯದ ಪಾಠಶೋಧನೆ

ನಮ್ಮ ಸಾಹಿತ್ಯ ಚರಿತ್ರೆಕಾರರು ವಚನ, ರಗಳೆ, ಷಟ್ಪದಿಗಳನ್ನು ದಾಟಿ, ನವೋದಯಕ್ಕೆ ಹಾರಿ, ನವ್ಯ ಬಂಡಾಯಗಳ ಹೊತ್ತಿಗೆ ದಣಿದು ಕೂತಿದ್ದಾರೆ. 2020ರ ಮಾರ್ಚಿನಿಂದ 2022ರ ಜನವರಿಯವರೆಗಿನ ಕೊರೊನಾ ಕಾಲದಲ್ಲಿ ಈ ನಾಡಿನಲ್ಲಿ ಹುಲುಸಾಗಿ ಬೆಳೆದ ಇನ್ನೊಂದು ಗದ್ಯಪ್ರಕಾರದ ಕಡೆ ಅವರ ಕಣ್ಣು ಬಿದ್ದಿಲ್ಲ. ಅದೇ ಮಾರ್ಗಸೂಚಿ. ಇಷ್ಟು ಮಂದಿ ಓದಿದ, ಓದಿ ಇಷ್ಟು ಜಗಳವಾಡಿದ ಗದ್ಯ ಕನ್ನಡನಾಡಿನಲ್ಲಿ ಮತ್ತೊಂದಿರಲಾರದು.

ಜಗಳ ಎರಡು ಪಂಥಗಳದ್ದೆಂದು ಹೇಳುವುದು ವಾಡಿಕೆ: ‘ಎಲ್ಲಾ ಬಾಗಿಲು ಹಾಕಿ’ ಪಂಥ ಮತ್ತು ‘ಹೊಟ್ಟೆಗೇನು ಮಾಡೋದು’ ಪಂಥ. ತಿಂಗಳ ಸಂಬಳ ತಾನಾಗಿ ಬ್ಯಾಂಕಿಗೆ ಬಂದು ಬೀಳುವವರು ಮೊದಲನೆಯದರಲ್ಲೂ ದಿನಗೂಲಿಯವರು ಎರಡನೆಯದರಲ್ಲೂ ಹೆಚ್ಚಾಗಿ ಸಿಗುವುದು ಶುದ್ಧ ಕಾಕತಾಳೀಯವೆಂದು ಪೂರ್ವಸೂರಿಗಳ ಮತ. ನಾವು ಆ ತಂಟೆಗೆ ಹೋಗುವುದಿಲ್ಲ. ನಮ್ಮ ಪ್ರತಿಪಾದನೆ ಇಷ್ಟೇ: ಮಾರ್ಗಸೂಚಿಯನ್ನು ಬರೆದವರು ವಿಧಾನಸೌಧದಲ್ಲಿದ್ದರು, ಅದರ ಅರ್ಥ ನಿರ್ಣಯಿಸಿದವರು ಸರ್ಕಲ್ಲಿನಲ್ಲಿ ಬ್ಯಾರಿಕೇಡ್ ಹಾಕಿಕೊಂಡು ನಿಂತಿದ್ದರು.

ಮೂಲ ಸೂತ್ರಗ್ರಂಥದಿಂದ ಆರಂಭಿಸೋಣ. ಅದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯ ಪ್ಲೇಗಿಗೆ ಬೆದರಿದ ಬ್ರಿಟಿಷರ ಕೃತಿ. ಮೂಲದಲ್ಲಿ ನಾಲ್ಕೇ ಸೆಕ್ಷನ್ನು. ಒಂದರಲ್ಲಿ ಕಾಯ್ದೆಯ ಹೆಸರು, ಇನ್ನೊಂದರಲ್ಲಿ ಸರ್ಕಾರಕ್ಕೆ ಅಧಿಕಾರ, ಮೂರನೆಯದರಲ್ಲಿ ಪ್ರಜೆಗೆ ಶಿಕ್ಷೆ, ನಾಲ್ಕನೆಯದರಲ್ಲಿ ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಗೆ ರಕ್ಷಣೆ. ಹಾಸಿಗೆ ಹಿಡಿದ ರೋಗಿಗೆಂದು ಐದನೆಯದೊಂದು ಇರಬಹುದೇ ಎಂದು ನಾವು ಪುಟ ತಿರುವಿದೆವು, ಪುಟವೇ ಇರಲಿಲ್ಲ. ಆ ಕಾಲದ ವಿಮರ್ಶೆಯೂ ಬಲು ಖಾರ: ಅದೇ ವರ್ಷ ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್ ಗುಂಡೇಟಿಗೆ ಬಲಿಯಾದ. ನಮ್ಮ ಕಾಲದ ವಿಮರ್ಶಕರು ಮೀಮ್ ಮಾಡಿ ಫಾರ್ವರ್ಡ್ ಮಾಡಿದರು. ನಾಗರಿಕತೆ ಮುಂದುವರಿದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಸೂತ್ರ ಚಿಕ್ಕದಾದಷ್ಟೂ ಅದರ ಸುತ್ತ ವಾಙ್ಮಯ ಬೆಳೆಯುತ್ತದೆ. ಮೊದಲು ಆದೇಶ, ಅದರ ಬೆನ್ನಿಗೆ ಪರಿಷ್ಕೃತ ಆದೇಶ, ಅದಕ್ಕೊಂದು ಸ್ಪಷ್ಟೀಕರಣ, ಸಂಜೆ ಟಿವಿಯಲ್ಲಿ ಸಚಿವರ ಮೌಖಿಕ ಪಾಠ, ಅಷ್ಟರಲ್ಲಿ ವಾಟ್ಸ್ಯಾಪ್‌ನಲ್ಲಿ ಪ್ರಕ್ಷಿಪ್ತ ಭಾಗಗಳೂ ಸೇರಿದ ಜನಪದ ಪಾಠ. 2020ರ ಅಕ್ಟೋಬರಿನಲ್ಲಿ ನಗರಗಳಲ್ಲಿ ಮಾಸ್ಕ್ ಹಾಕದವರಿಗೆ 1000 ರೂಪಾಯಿ ದಂಡ ಎಂದಿದ್ದ ಪಾಠ, ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ 250 ಎಂದು ತಿದ್ದುಪಡಿಯಾಯಿತು. ಮೂಗು ಅದೇ, ಬೆಲೆ ಕಾಲುಭಾಗ. 2021ರ ಮೇ ತಿಂಗಳ ಪಾಠವಂತೂ ಸಂಶೋಧಕರಿಗೆ ಹಬ್ಬ. ಬೆಳಿಗ್ಗೆ 6ರಿಂದ 10ರೊಳಗೆ ದಿನಸಿ ತರಬಹುದು, ಆದರೆ ಗಾಡಿಯಲ್ಲಲ್ಲ, ನಡೆದುಕೊಂಡು. ಅಂಗಡಿ ದೂರವಿದ್ದರೆ? ಮುದುಕರಿದ್ದರೆ? ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆಯಾದರೆ? ಪ್ರಶ್ನೆಗಳು ಜೋರಾದಾಗ ಪೊಲೀಸ್ ಇಲಾಖೆಯಿಂದ ಸ್ಪಷ್ಟೀಕರಣ ಬಂತು: ಹತ್ತಿರದ ಅಂಗಡಿಗೆ ಗಾಡಿ ಒಯ್ಯಬಹುದು. ಹತ್ತಿರವೆಂದರೆ ಎಷ್ಟು ಹತ್ತಿರ ಎಂಬುದು ಮಾತ್ರ ಭಾಷ್ಯಕಾರನಿಗೆ ಬಿಟ್ಟಿದ್ದು.

ಮದುವೆಗೆ ಮೊದಲು 50, ಆಮೇಲೆ 40. ಹೆಣದ ಜೊತೆ ಮೊದಲು 20, ಆಮೇಲೆ 5. ನಲವತ್ತರಲ್ಲಿ ಪುರೋಹಿತರೂ ಅಡುಗೆಯವರೂ ಸೇರುತ್ತಾರೋ ಇಲ್ಲವೋ ಎಂಬ ವಾದದಲ್ಲಿ ಎಷ್ಟೋ ಬೀಗರ ಸಂಬಂಧ ಹಳಸಿದೆ. ವಿವರ ಬೇಡ.

ಈ ಯುಗದ ಚಿತ್ರಕಲೆಯ ಬಗ್ಗೆ ಒಂದು ಮಾತು. 2020ರ ಮಾರ್ಚ್ ಕೊನೆಯಲ್ಲಿ, ಹೋಮ್ ಕ್ವಾರಂಟೈನಿನಲ್ಲಿದ್ದವರು ಗಂಟೆಗೊಂದು ಸೆಲ್ಫಿ ಕಳಿಸತಕ್ಕದ್ದು ಎಂದು ರಾಜ್ಯ ಸರ್ಕಾರ ವಿಧಿಸಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಮಿಕ್ಕ ಹೊತ್ತು ನಿದ್ದೆಗೆ ವಿನಾಯಿತಿ. ಕೈ ಮೇಲೆ ಸೀಲು ಬೇರೆ ಬಿದ್ದಿತ್ತು. ಎರಡು ವಾರಕ್ಕೆ ಲೆಕ್ಕ ಹಾಕಿದರೆ ತಲೆಗೆ 200ಕ್ಕೂ ಮಿಕ್ಕಿ ಭಾವಚಿತ್ರ. ಯಾವ ಅರಸನೂ ತನ್ನ ಆಸ್ಥಾನ ಚಿತ್ರಕಾರನನ್ನು ಇಷ್ಟು ದುಡಿಸಿಕೊಂಡಿರಲಾರ. ಕಳ್ಳ ಸೆಲ್ಫಿ ಕಳಿಸಿದವರನ್ನು ಸರ್ಕಾರಿ ಕ್ವಾರಂಟೈನಿಗೆ ಸಾಗಿಸುವ ಎಚ್ಚರಿಕೆಯೂ ಇದ್ದುದರಿಂದ ಈ ಚಿತ್ರಗಳಲ್ಲಿ ಯಾರೂ ನಗುತ್ತಿರಲಿಲ್ಲವೆಂದು ಊಹಿಸಬಹುದು.

ಇನ್ನು ಭಾಷ್ಯಕಾರ. ಶಂಕರ, ರಾಮಾನುಜ, ಮಧ್ವರು ಒಂದೇ ಬ್ರಹ್ಮಸೂತ್ರಕ್ಕೆ ಮೂರು ಭಾಷ್ಯ ಬರೆಯಲು ಶತಮಾನಗಳೇ ಹಿಡಿದವು. ನಮ್ಮಲ್ಲಿ ಒಂದೇ ಆದೇಶಕ್ಕೆ ಮೆಜೆಸ್ಟಿಕ್ಕಿನಲ್ಲೊಂದು, ಯಶವಂತಪುರದಲ್ಲೊಂದು, ಗೊರಗುಂಟೆಪಾಳ್ಯದಲ್ಲೊಂದು ಭಾಷ್ಯ ಒಂದೇ ಬೆಳಿಗ್ಗೆ ಹುಟ್ಟುತ್ತಿತ್ತು. ಮಾದರಿಗೆ ಒಂದು ಶಾಸ್ತ್ರಾರ್ಥ:

“ಎಲ್ಲಿಗೆ?”

“ಮೆಡಿಕಲ್‌ಗೆ ಸಾರ್. ಅಮ್ಮಂಗೆ ಬಿಪಿ ಮಾತ್ರೆ.”

“ಚೀಟಿ ತೋರ್ಸು.”

“ತಗೊಳ್ಳಿ ಸಾರ್.”

“ಇದು 2017ರದು ಕಣೋ.”

“ಬಿಪಿ ಆವಾಗಿಂದ್ಲೂ ಇದೆ ಸಾರ್.”

ಪೂರ್ವಪಕ್ಷ ಗಟ್ಟಿಯಾಗಿದೆ ಎಂಬುದನ್ನು ಒಪ್ಪಲೇಬೇಕು. ಪ್ರತ್ಯಕ್ಷ, ಅನುಮಾನ, ಶಬ್ದ ಈ ಮೂರರಿಂದಲೂ ಅದು ಮುರಿಯದಿದ್ದಾಗ ಸಿದ್ಧಾಂತಿ ನಾಲ್ಕನೆಯ ಪ್ರಮಾಣವನ್ನು ಕೈಗೆತ್ತಿಕೊಳ್ಳುತ್ತಿದ್ದ. ಅದು ಬಿದಿರಿನದು. ಲಾಠಿ ಬೀಸಬೇಡಿರೆಂದು ಮೇಲಿನಿಂದ ಆಗಾಗ ಸೂಚನೆ ಬಂದಾಗ ಬಸ್ಕಿ ಹೊಡೆಸುವುದು, ಗಾಡಿ ಜಪ್ತಿ ಮಾಡುವುದು, ಹೆಚ್ಚು ಭಕ್ತಿಯುಳ್ಳ ಕಡೆ ಆರತಿ ಎತ್ತುವುದು ಮುಂತಾದ ಉಪಪ್ರಮಾಣಗಳು ಬಳಕೆಗೆ ಬಂದವು. ಭಾಷ್ಯಕಾರನಿಗೂ ನ್ಯಾಯ ಸಲ್ಲಬೇಕು. ಬಿಸಿಲಲ್ಲಿ ಒಂದೇ ಮಾಸ್ಕಿನಲ್ಲಿ ನಿಂತವನು ಅವನು. ರೋಗ ತಗುಲಿ ಸತ್ತ ಪೊಲೀಸರೂ ಇದ್ದಾರೆ. ತನಗೆ ಒಪ್ಪಿಸಿದ ಪಾಠ ಈ ಬೆಳಗಿನದೋ ನಿನ್ನೆ ರಾತ್ರಿಯದೋ ಅವನಿಗೇ ಖಾತ್ರಿಯಿರಲಿಲ್ಲ. ಆದರೂ ಅವನ ಶೈಲಿಯಲ್ಲಿ ಒಂದು ಸ್ಥಿರ ಲಕ್ಷಣವಿತ್ತು: ಬೈಕಿನವನಿಗೆ ಸವಿಸ್ತಾರ ಭಾಷ್ಯ, ಪಾಸು ಅಂಟಿಸಿದ ಕಾರಿನವನಿಗೆ ಸೆಲ್ಯೂಟು, ನಡೆದುಹೋಗುತ್ತಿದ್ದವನಿಗೆ ಅಡಿಟಿಪ್ಪಣಿಯೂ ಇಲ್ಲ.

ಈ ನಡೆದುಹೋದವರ ಪ್ರಸಂಗದಲ್ಲಿ ಎರಡು ದಿನಗಳ ಪಾಠವನ್ನು ಒಟ್ಟಿಗಿಟ್ಟು ಓದಬೇಕು. 2020ರ ಮೇ 4ರ ಸೋಮವಾರ ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಮೊದಲ ದಿನದ ಮಾರಾಟ ಸುಮಾರು 45 ಕೋಟಿ, ಮರುದಿನ 197 ಕೋಟಿ. ನೆಲದ ಮೇಲೆ ಬರೆದ ವೃತ್ತದೊಳಗೆ ಪ್ರಜೆ ಶಿಸ್ತಾಗಿ ನಿಂತ, ಬೊಕ್ಕಸ ಉಸಿರಾಡಿತು. ಆ ಮರುದಿನವೇ, ಮೇ 5ರಂದು, ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಪಕರ ಜೊತೆ ಸಭೆ ನಡೆಸಿದರು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ಕಟ್ಟಡದ ಕೆಲಸ ಶುರುವಾಗಬೇಕು, ಆಳು ಬೇಕು. ಹೀಗೆ ಸೋಮವಾರ ಮದ್ಯ ಅಗತ್ಯ ವಸ್ತುವಾಯಿತು, ಮಂಗಳವಾರ ಗಾರೆಯವನು ಅಗತ್ಯ ವಸ್ತುವಾದ. ಮೊದಲನೆಯದಕ್ಕೆ ಹೊರಗೆ ಹೋಗಲು ಅನುಮತಿ ಸಿಕ್ಕಿತು, ಎರಡನೆಯವನಿಗೆ ಸಿಗಲಿಲ್ಲ. ಟೀಕೆ ಎದ್ದು, ಪತ್ರ ಹಿಂದಕ್ಕೆ ಹೋಗಿ, ರೈಲುಗಳು ಮತ್ತೆ ಹೊರಡುವಷ್ಟರಲ್ಲಿ ಎಷ್ಟೋ ಮಂದಿ ಗಂಟುಮೂಟೆ ಹೊತ್ತು ಹೆದ್ದಾರಿ ಹಿಡಿದಿದ್ದರು. ಅವರ ಬಳಿ ಯಾವ ಚೀಟಿಯೂ ಇರಲಿಲ್ಲವಾಗಿ ಅವರಿಂದ ಈ ಪ್ರಬಂಧಕ್ಕೆ ಲಿಖಿತ ಆಕರ ದೊರೆತಿಲ್ಲ.

ಕಡೆಯದಾಗಿ ವೈರಾಣುವಿನ ದಿನಚರಿ. ಅದು ನಿಶಾಚರಿಯೇ ಎಂಬ ಪ್ರಶ್ನೆಯನ್ನು ನಾಡಿನ ಪ್ರತಿ ಚಹಾದಂಗಡಿಯೂ ಎತ್ತಿದೆ. 2021ರ ಏಪ್ರಿಲ್‌ನಲ್ಲಿ ಕೆಲವು ನಗರಗಳಿಗೆ ರಾತ್ರಿ 10ರ ನಂತರ ಕರ್ಫ್ಯೂ ಬಿದ್ದಾಗ ಮಸ್ಕಿ, ಬಸವಕಲ್ಯಾಣ, ಬೆಳಗಾವಿಗಳಲ್ಲಿ ಹಗಲು ಹೊತ್ತು ಉಪಚುನಾವಣೆಯ ಪ್ರಚಾರ ನಡೆದೇ ಇತ್ತು. ವೈರಾಣುವಿಗೆ ಮತದಾನದ ಹಕ್ಕಿಲ್ಲವಾದ್ದರಿಂದ ಅದು ಅಲ್ಲಿಗೆ ಬಂದಿರಲಾರದು. 2022ರ ಜನವರಿಯಲ್ಲಿ ಅದು ಶುಕ್ರವಾರ ರಾತ್ರಿ 10ಕ್ಕೆ ಡ್ಯೂಟಿಗೆ ಬಂದು ಸೋಮವಾರ ಬೆಳಿಗ್ಗೆ 5ಕ್ಕೆ ರಜೆ ಹಾಕಿತು. ಅಂಥದೇ ಒಂದು ಭಾನುವಾರ ಮೇಕೆದಾಟು ಪಾದಯಾತ್ರೆ ಹೊರಟದ್ದರಿಂದ ವೈರಾಣುವಿಗಿಂತ ಎಫ್‌ಐಆರ್‌ಗಳು ಬೇಗ ಹಬ್ಬಿದವು.

ಇಡೀ ವಾಙ್ಮಯದಲ್ಲಿ ಪರಿಪೂರ್ಣವೆನ್ನಬಹುದಾದ ಕೃತಿ ಒಂದೇ. 2020ರ ಡಿಸೆಂಬರ್ 23ರಂದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ ಎಂದು ಘೋಷಣೆಯಾಯಿತು. ಅದೇ ದಿನ ಅದು ಪರಿಷ್ಕಾರಗೊಂಡು ಮರುದಿನದಿಂದ 11ರಿಂದ 5 ಎಂದಾಯಿತು. ವೈರಾಣುವಿನ ದುಡಿಮೆಯಲ್ಲಿ ಎರಡು ಗಂಟೆ ಕಡಿತ. ದೂರದೂರಿನ ಬಸ್ಸಿಗೆ ವಿನಾಯಿತಿ, ಟಿಕೆಟ್ ತೋರಿಸಿದರೆ ಆಟೋಗೆ ವಿನಾಯಿತಿ, ಕ್ರಿಸ್‌ಮಸ್ ನಡುರಾತ್ರಿಯ ಪೂಜೆಗೆ ವಿನಾಯಿತಿ. 24ರಂದು, ಗಂಟೆ 11 ಹೊಡೆಯುವ ಮುನ್ನವೇ, ಆದೇಶವನ್ನೇ ಹಿಂದಕ್ಕೆ ಪಡೆಯಲಾಯಿತು. ಉಲ್ಲಂಘನೆ ಸೊನ್ನೆ, ಬಸ್ಕಿ ಸೊನ್ನೆ, ಜಪ್ತಿಯಾದ ಗಾಡಿ ಸೊನ್ನೆ. ಶೇಕಡ ನೂರರಷ್ಟು ಪ್ರಜೆಗಳು ಪಾಲಿಸಿದ ಆದೇಶ ಇತಿಹಾಸದಲ್ಲಿ ಇದೊಂದೇ. ಇದನ್ನು ದ್ವಿತೀಯ ಪಿಯುಸಿಗೆ ಪಠ್ಯವಾಗಿಡಬೇಕೆಂದು ನಮ್ಮ ಶಿಫಾರಸು. 2021ರಲ್ಲಿ ಪರೀಕ್ಷೆ ಬರೆಯದೆಯೇ ಪಾಸಾದ ತಂಡ ಇದನ್ನು ಆಗಲೇ ಓದಿ ಮುಗಿಸಿದೆಯೆಂದು ಭಾವಿಸಲಾಗಿದೆ.