ಮುನ್ನೂರು ಕೋಟಿ ಬಡಿತ, ಒಂದು ಪಹಣಿ

ಕುಕನೂರು ಈಗ ಸ್ವಂತ ತಾಲೂಕು. ಪಹಣಿಗಾಗಿ ಯಲಬುರ್ಗಾಕ್ಕೆ ಅಲೆಯುವುದು ತಪ್ಪಿತು. ಸರ್ವರ್ ಬರುವುದನ್ನು ಇಲ್ಲೇ ಕೂತು ಕಾಯಬಹುದು. ಹೇಗೂ ಕಾಯುತ್ತಿದ್ದೇವೆ, ಕಂಪ್ಯೂಟರಿನ ವೇಗವನ್ನಾದರೂ ಲೆಕ್ಕ ಹಾಕೋಣ.

ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋದ ಅಪ್ಪನಿಗೆ ಅಂಗಡಿಯವ ಹೇಳುತ್ತಾನೆ: "ತ್ರೀ ಗಿಗಾಹರ್ಟ್ಸ್ ಐತ್ರಿ ಯಜಮಾನ್ರ."

"ಅಂದ್ರ ಏನಪಾ?"

"ಭಾಳ ಫಾಸ್ಟ್ ರೀ."

ವಿವರಣೆ ಮುಗಿಯಿತು, ಬಿಲ್ ಬಂತು. ಅಂಗಡಿಯವ ಹೇಳಿದ್ದು ಸುಳ್ಳೇನಲ್ಲ. ಮೂರು ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿಗೆ ಸೆಕೆಂಡಿಗೆ 300 ಕೋಟಿ ಬಡಿತ. ಆದರೆ ಪ್ರೊಸೆಸರ್ ಕೇಳಿದ್ದನ್ನು ಮೆಮೊರಿ ತಂದುಕೊಡಲು ಸುಮಾರು 80 ನ್ಯಾನೊಸೆಕೆಂಡ್ ಬೇಕು. ಅಷ್ಟರಲ್ಲಿ 240 ಬಡಿತ ದಂಡ. ರೊಟ್ಟಿ ಬಡಿಯುವ ಕೈ ಎಷ್ಟೇ ಚುರುಕಿದ್ದರೂ ಗಿರಣಿಯಿಂದ ಹಿಟ್ಟು ಬರದಿದ್ದರೆ ಏನು ಬಡಿಯುವುದು? ಮಗ್ಗುಲಲ್ಲೇ ಕ್ಯಾಶ್ ಎಂಬ ಸಣ್ಣ ದಾಸ್ತಾನು ಇರುವುದಕ್ಕೆ ಪ್ರೊಸೆಸರಿನ ಮಾನ ಉಳಿದಿದೆ.

ಹಿಟ್ಟು ತರುವ ದಾರಿಗೆ ಬಸ್ ಎನ್ನುತ್ತಾರೆ. ಅದರ ಲೆಕ್ಕವಂತೂ ಚುನಾವಣಾ ಭಾಷಣವೇ ಸರಿ. ಇಂಟೆಲ್ ಕಂಪನಿಯ ಪೆಂಟಿಯಂ 4 ಕಾಲದಲ್ಲಿ ಡಬ್ಬದ ಮೇಲೆ "800 ಮೆಗಾಹರ್ಟ್ಸ್ ಬಸ್" ಎಂದಿರುತ್ತಿತ್ತು. ನಿಜವಾದ ಬಡಿತ 200. ಪ್ರತಿ ಬಡಿತಕ್ಕೆ ನಾಲ್ಕು ಸಲ ಮಾಲು ಸಾಗಿಸುತ್ತದೆಂದು ನಾಲ್ಕರಿಂದ ಗುಣಿಸಿದ್ದರು. ಅದೇ 200ನ್ನು ಒಳಗೆ 15ರಿಂದ ಗುಣಿಸಿದರೆ 3 ಗಿಗಾಹರ್ಟ್ಸ್! ಆಮೇಲಿನ ಡಿಡಿಆರ್4 ರ‍್ಯಾಮಿನ 3200 ಕೂಡ ಅಂಥದ್ದೇ, ಒಳಗಿರುವುದು 1600. ಎದುರಾಳಿ ಎಎಂಡಿ 2001ರಲ್ಲಿ ಇನ್ನೂ ಜಾಣತನ ತೋರಿ, 1.53 ಗಿಗಾಹರ್ಟ್ಸ್ ಚಿಪ್ಪಿಗೆ "1800+" ಎಂದು ನಾಮಕರಣ ಮಾಡಿತು. ಪಕ್ಕದಲ್ಲಿ ಮೆಗಾಹರ್ಟ್ಸ್ ಎಂದು ಬರೆಯಲಿಲ್ಲ. ಓದುವವರು ತಾವೇ ಸೇರಿಸಿಕೊಂಡರು.

ಕೊನೆಗೆ ಚಿಪ್ಪು ಕಾದು ಕೆಂಡವಾಗಿ ಗಿಗಾಹರ್ಟ್ಸ್ ಏರಿಸುವ ಈ ಓಟ ನಿಂತಿತು. 4 ಗಿಗಾಹರ್ಟ್ಸ್ ಪೆಂಟಿಯಂ ಕೈಬಿಟ್ಟಿದ್ದಕ್ಕೆ 2004ರಲ್ಲಿ ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು. ಮಾತು ತಪ್ಪಿದ್ದಕ್ಕೆ ಮಂಡಿಯೂರುವ ಪದ್ಧತಿ ನಮ್ಮ ಕಡೆ ಬಂದಿಲ್ಲ; ಬಂದರೆ ಎಷ್ಟು ಜನರ ಪಂಚೆ ಮಣ್ಣಾದೀತೋ!

ಈಗ ಪಹಣಿಗೆ ಬರೋಣ. ಹಳೆಯ ಹಾರ್ಡ್ ಡಿಸ್ಕ್ ಒಂದು ಕಡತ ಹುಡುಕಲು 10 ಮಿಲಿಸೆಕೆಂಡ್ ತೆಗೆದುಕೊಂಡರೆ 3 ಕೋಟಿ ಬಡಿತ ಹೋಯಿತು. "ಸರ್ವರ್ ಬಿಜಿ ಐತಿ, ಊಟ ಮಾಡ್ಕೊಂಡು ಬರ್ರಿ" ಎಂದು ಅರ್ಧ ಗಂಟೆ ಕಾಯಿಸಿದರೆ? 5 ಲಕ್ಷ 40 ಸಾವಿರ ಕೋಟಿ. ಇಷ್ಟು ದೊಡ್ಡ ಮೊತ್ತವನ್ನು ಬಜೆಟ್ ಮಂಡನೆಯ ದಿನ ಬಿಟ್ಟರೆ ಬೇರೆಲ್ಲೂ ಕೇಳಿರಲಾರಿರಿ. ಅಷ್ಟು ಬಡಿತ ಖರ್ಚಾದ ಮೇಲೆ ಪ್ರಿಂಟರಿನಲ್ಲಿ ಕಾಗದ ಇಲ್ಲವೆಂದು ಗೊತ್ತಾಗುತ್ತದೆ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋದಾಗ ಗಿಗಾಹರ್ಟ್ಸ್ ಸ್ಟಿಕ್ಕರಿಗೆ ಕೈ ಮುಗಿದು, ಎರಡೇ ಪ್ರಶ್ನೆ ಕೇಳಿ: "ರ‍್ಯಾಮ್ ಒಂಟಿ ಐತೋ, ಎರಡು ದಾರೀಲೆ ಹಿಟ್ಟು ತರೋ ಜೋಡಿ ಐತೋ? ಒಳಗ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?" ಅಂಗಡಿಯವ ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.