ಮಳೆ, ಮತ, ಮಠ: ಒಂದು ಮೀಮಾಂಸೆ

ಗ್ರಂಥಾರಂಭ

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕೆಂದು ಪೂರ್ವಸೂರಿಗಳು ವಿಧಿಸಿದ್ದಾರೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ: ಟಿಕೆಟ್ ಆಕಾಂಕ್ಷಿ. ವಿಷಯ: ಹವಾಮಾನ ನ್ಯಾಯ. ಸಂಬಂಧ: ಇವೆರಡರ ನಡುವೆ ಯಾವುದೂ ಇಲ್ಲ. ಪ್ರಯೋಜನ: ಐದು ವರ್ಷ. ಮಂಗಳಾಚರಣೆಯನ್ನು ಮುಜರಾಯಿ ಇಲಾಖೆಗೆ ವಹಿಸಿರುವುದರಿಂದ ನೇರವಾಗಿ ಪ್ರಕರಣಗಳಿಗೆ ಇಳಿಯೋಣ.

1. ಪರ್ಜನ್ಯ ಪ್ರಕರಣ

ಸೂತ್ರ: ಮಳೆ ಬಂದರೆ ಮುಖ್ಯಮಂತ್ರಿಯ ಕಾಲ್ಗುಣ, ಬಾರದಿದ್ದರೆ ವರುಣನ ಮುನಿಸು.

ಭಾಷ್ಯ: 2019ರ ಜೂನ್‌ನಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರದ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ನಡೆಸುವಂತೆ ಸುತ್ತೋಲೆ ಹೊರಡಿಸಿತು. ಶೃಂಗೇರಿ ಬಳಿಯ ಕಿಗ್ಗದಲ್ಲಿ, ಮಳೆದೇವರೆಂದೇ ಹೆಸರಾದ ಋಷ್ಯಶೃಂಗನ ಸನ್ನಿಧಿಯಲ್ಲೂ ಪೂಜೆ ನಡೆಯಿತು. ಜುಲೈನಲ್ಲಿ ಸರ್ಕಾರ ಬಿತ್ತು. ಆಗಸ್ಟ್‌ನಲ್ಲಿ ಮಳೆ ಬಿತ್ತು. ಬೆಳಗಾವಿ, ಬಾಗಲಕೋಟೆಯಿಂದ ಕೊಡಗಿನವರೆಗೆ ನೆರೆ. ಹೋಮ ಮಾಡಿಸಿದ್ದು ಒಂದು ಸರ್ಕಾರ, ತೋಯ್ದದ್ದು ಇನ್ನೊಂದು. ಅದೂ ಸಂಪುಟದಲ್ಲಿ ಮುಖ್ಯಮಂತ್ರಿ ಒಬ್ಬರೇ ಇದ್ದ ಸರ್ಕಾರ. ಇದನ್ನು ಕಾಕತಾಳೀಯ ಎಂದವರು ನಾಸ್ತಿಕರು, ಆಹುತಿ ಹೆಚ್ಚಾಯಿತು ಎಂದವರು ಆಸ್ತಿಕರು, ಪರಿಹಾರದ ಚೆಕ್ ಎಲ್ಲಿ ಎಂದವರು ಸಂತ್ರಸ್ತರು. ಮೂರನೆಯ ದರ್ಶನವನ್ನು ಶಾಸ್ತ್ರಕಾರರು ಎಂದೂ ಗಂಭೀರವಾಗಿ ಪರಿಗಣಿಸಿಲ್ಲ.

2. ಚೊಂಬು ಪ್ರಕರಣ

ಸೂತ್ರ: ಕೆರೆ ಬತ್ತಿದರೆ ರಾಜ್ಯ ದಿಲ್ಲಿಯನ್ನೂ, ದಿಲ್ಲಿ ಕಡತವನ್ನೂ, ರೈತ ಆಕಾಶವನ್ನೂ ನೋಡತಕ್ಕದ್ದು.

ಭಾಷ್ಯ: 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್ ಕೊನೆಯಲ್ಲಿ, ರಾಜ್ಯದ ಎರಡು ಹಂತದ ಮತದಾನದ ನಡುವೆ ಸಿಕ್ಕಿದ್ದು 3,454 ಕೋಟಿ. ಪೂರ್ವಪಕ್ಷ: ಇದು ಅನ್ಯಾಯ. ಉತ್ತರಪಕ್ಷ: ಮನವಿ ಕೊಟ್ಟದ್ದೇ ತಡವಾಗಿ. ವಾದದ ನಡುವೆ ಒಬ್ಬರು, ದಿಲ್ಲಿ ಕೊಟ್ಟದ್ದು ಇದೇ ಎಂದು ಪತ್ರಿಕೆಗಳಲ್ಲಿ ಚೊಂಬಿನ ಜಾಹೀರಾತು ಕೊಟ್ಟರು. ಎದುರಾಳಿಗಳು ಅದನ್ನೇ ಅಕ್ಷಯಪಾತ್ರೆ ಎಂದರು. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರಿನ ಹಾದಿ ಕಾಯುತ್ತಿದ್ದ ಬೇಸಿಗೆ ಅದು. ಚೊಂಬಿನಲ್ಲಿ ನೀರಿದೆಯೇ ಎಂದು ಬಗ್ಗಿ ನೋಡುವುದು ಎರಡೂ ಪಕ್ಷಗಳಿಗೆ ಶಾಸ್ತ್ರಬಾಹಿರವೆನಿಸಿತು.

3. ಯುವ ಪ್ರಕರಣ

ಸೂತ್ರ: ಯುವಜನರು ದೇಶದ ಭವಿಷ್ಯ, ಆದಕಾರಣ ಅವರ ಪ್ರಶ್ನೆಗೆ ಉತ್ತರವೂ ಭವಿಷ್ಯದಲ್ಲೇ.

ಭಾಷ್ಯ: ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಉತ್ತರ ಪಡೆಯುವ ವಯಸ್ಸನ್ನು ಯಾವ ತಿದ್ದುಪಡಿಯೂ ಇಳಿಸಿಲ್ಲ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತ ನಿವ್ವಳ ಶೂನ್ಯ ಹೊರಸೂಸುವಿಕೆಗೆ 2070ರ ಗಡುವು ಹಾಕಿಕೊಂಡಿತು. 2024ರಲ್ಲಿ ಹದಿನೆಂಟು ತುಂಬಿ ಮೊದಲ ಮತ ಹಾಕಿದ ಹುಡುಗಿಗೆ ಆಗ 64 ವರ್ಷ. ಸಂಭ್ರಮಿಸಲು ದಿಲ್ಲಿಗೆ ರೈಲು ಹತ್ತಿದರೆ ಹಿರಿಯ ನಾಗರಿಕರ ರಿಯಾಯಿತಿಯೂ ಇರಲಾರದು. ಅದು 2020ರಲ್ಲೇ ನಿಂತಿದೆ. ಆದರೂ ಅಭ್ಯರ್ಥಿಗಳು ಯುವಜನರಿಗೆ ಏನೂ ಕೊಡುವುದಿಲ್ಲವೆಂಬ ಆಕ್ಷೇಪ ಸಲ್ಲದು. ಗಣೇಶೋತ್ಸವಕ್ಕೆ ಡಿಜೆ, ಕ್ರಿಕೆಟ್ ಟೂರ್ನಿಗೆ ಕಪ್, ಬೈಕ್ ರ‍್ಯಾಲಿಗೆ ಪೆಟ್ರೋಲ್ ಯಾರು ಕೊಡುತ್ತಾರೆ? ಮೂರನೆಯದರ ಹೊಗೆಯನ್ನು 2070ರ ಲೆಕ್ಕದಲ್ಲಿ ಕಳೆಯಲಾಗುವುದು.

4. ಮಠ ಪ್ರಕರಣ

ಸೂತ್ರ: ಧರ್ಮದ ಹೆಸರಿನಲ್ಲಿ ಮತ ಕೇಳಕೂಡದು, ಆಶೀರ್ವಾದ ಕೇಳಬಹುದು.

ಭಾಷ್ಯ: ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಧರ್ಮ, ಜಾತಿಯ ಹೆಸರಲ್ಲಿ ಮತಯಾಚನೆ ಭ್ರಷ್ಟಾಚಾರ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3 ಬಹುಮತದಿಂದ, ಮತದಾರನ ಧರ್ಮವನ್ನು ಹಿಡಿದು ಕೇಳುವುದೂ ತಪ್ಪೆಂದು ಹೇಳಿತು. ಅಂದಿನಿಂದ ಅಭ್ಯರ್ಥಿಗಳು ಬಹಳ ಎಚ್ಚರಿಕೆಯಿಂದಿದ್ದಾರೆ. ಮಠಕ್ಕೆ, ದರ್ಗಾಕ್ಕೆ, ಚರ್ಚಿಗೆ ಹೋಗುತ್ತಾರೆ, ಬಾಗುತ್ತಾರೆ, ಫೋಟೊ ಬರುವವರೆಗೆ ಬಾಗಿಯೇ ಇರುತ್ತಾರೆ. ಮತದ ಮಾತು ಮಾತ್ರ ಎತ್ತುವುದಿಲ್ಲ; ಮಳೆ, ಕೆರೆಯ ಮಾತನ್ನೂ.

5. ಸಮನ್ವಯ ಪ್ರಕರಣ

ಇಷ್ಟೆಲ್ಲ ಭೇದಗಳ ನಡುವೆ ಅದ್ವೈತವೆಂಬುದು ಇದೆಯೇ? ಇದೆ; ಪಶ್ಚಿಮ ಘಟ್ಟದಲ್ಲಿದೆ. 2013ರ ಕಸ್ತೂರಿರಂಗನ್ ವರದಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಆಮೇಲೆ ಬಂದ ಸರ್ಕಾರಗಳು ಬೇರೆ ಎಲ್ಲದರಲ್ಲೂ ಕಿತ್ತಾಡಿದವು, ಇದನ್ನು ಒಲ್ಲೆ ಎನ್ನುವುದರಲ್ಲಿ ಒಂದಾದವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತರು. ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಘಟ್ಟದ ಜನರಿಗಿರುವ, ಭೂಮಿ ಕೈತಪ್ಪೀತೆಂಬ ಭಯ ನಿಜವಾದದ್ದೇ. ಅವರೊಡನೆ ಕೂತು ಆ ಭಯ ಬಿಡಿಸುವುದಕ್ಕಿಂತ ಅದನ್ನು ಮುಂದಿನ ಚುನಾವಣೆಗೆ ಕಾಪಾಡಿಕೊಳ್ಳುವುದು ಸುಲಭ ಸಾಧನೆ.

ಸಿದ್ಧಾಂತ

ಹೊಣೆಯನ್ನು ಮೇಲಕ್ಕೆ, ಆಚೆಗೆ, ಮುಂದಕ್ಕೆ ದಾಟಿಸುವ ಕಲೆಯೇ ಹವಾಮಾನ ರಾಜಕಾರಣ. ಮೇಲೆ ವರುಣ, ಆಚೆ ದಿಲ್ಲಿ, ಮುಂದೆ 2070. ಇದಕ್ಕೆ ಒಂದೇ ಅಪವಾದವುಂಟು. 2024ರ ಮಾರ್ಚ್‌ನಲ್ಲಿ, ಎರೆಭೂತ ಹಕ್ಕಿಯ ಉಳಿವಿನ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು 14 ಮತ್ತು 21ನೇ ವಿಧಿಗಳಲ್ಲೇ ಅಡಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಈ ಹಕ್ಕನ್ನು ನಮಗೆ ದೊರಕಿಸಿದ್ದು ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಹಕ್ಕಿ.

ಫಲಶ್ರುತಿ

ಇದನ್ನು ತ್ರಿಕಾಲ ಪಠಿಸಿದ ಅಭ್ಯರ್ಥಿಗೆ ಠೇವಣಿ ನಷ್ಟವಾಗದು. ಓದಿದ ಮತದಾರನಿಗೆ ಫಲ ಬೇಕಾದರೆ ಒಂದು ವ್ರತವುಂಟು: ಮನೆಗೆ ಬಂದ ಅಭ್ಯರ್ಥಿ ಕೈಮುಗಿದಾಗ, ನಮ್ಮೂರ ಕೆರೆಯ ಹೂಳು ಯಾವ ತಿಂಗಳು ತೆಗೆಸುತ್ತೀರಿ, ರಾಜಕಾಲುವೆಯ ಒತ್ತುವರಿ ಯಾವಾಗ ಬಿಡಿಸುತ್ತೀರಿ ಎಂದು ಕೇಳಿ. ಉತ್ತರ ಬರುವತನಕ ಗೇಟು ತೆಗೆಯಬೇಡಿ.