ಪಂಜರದ ಕೋಳಮ್ಮನವರ ಸನ್ನಿಧಿಗೆ

ಲೇಯರ್ ಫಾರಂ, ಮೂರನೇ ಸಾಲು, ನಡುವಿನ ಅಂತಸ್ತಿನ ಪಂಜರದಲ್ಲಿ ವಾಸವಾಗಿರುವ ಚಿರಂಜೀವಿ ಸೌಭಾಗ್ಯವತಿ ಕೋಳಮ್ಮನವರಿಗೆ ಮನುಷ್ಯಕುಲದ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ಈ ಒಕ್ಕಣೆಗೆ ಆರಂಭದಲ್ಲೇ ಒಂದೆರಡು ತಿದ್ದುಪಡಿ ಬೇಕು. ‘ಸೌಭಾಗ್ಯವತಿ’ ಎಂದು ಬರೆದದ್ದು ಬರೀ ರೂಢಿಗೆ. ಮೊಟ್ಟೆ ತಳಿಯ ಗಂಡುಮರಿಗಳು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಸಾಕಿದರೆ ಮೇವಿನ ಖರ್ಚೂ ಗಿಟ್ಟುವುದಿಲ್ಲ. ಹಾಗಾಗಿ ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಅವುಗಳ ಕಥೆ ಮುಗಿಸುತ್ತಾರೆ. ಕೋಳಮ್ಮನವರು ಹುಂಜ ಎಂಬ ಪ್ರಾಣಿಯನ್ನು ಕಂಡವರೇ ಅಲ್ಲ. ‘ಚಿರಂಜೀವಿ’ಯೂ ಅಷ್ಟೇ. ವರ್ಷಕ್ಕೆ ಮುನ್ನೂರರ ಆಸುಪಾಸು ಮೊಟ್ಟೆ ಇಟ್ಟು, ಒಂದೂವರೆ ವರ್ಷದ ಹೊತ್ತಿಗೆ ಇಳುವರಿ ಇಳಿಯುತ್ತಲೇ ಲಾರಿ ಬಂದು ನಿಲ್ಲುತ್ತದೆ. ಇನ್ನು ‘ಕುಶಲ’ದ ಮಾತು. ಕೋಳಮ್ಮನವರ ಪಾಲಿಗೆ ಬಂದಿರುವ ಜಾಗ ಒಂದು ಎ4 ಹಾಳೆಗಿಂತ ಚಿಕ್ಕದು. ರೆಕ್ಕೆ ಬಿಚ್ಚುವಂತಿಲ್ಲ. ಬಿಚ್ಚಿದರೆ ಅದು ಪಕ್ಕದ ಮನೆಯವರ ಕಣ್ಣಿಗೇ ಚುಚ್ಚುತ್ತದೆ. ನೆಲ ಕೆದಕೋಣವೆಂದರೆ ಕಾಲಡಿ ಇರುವುದು ಇಳಿಜಾರಾದ ತಂತಿಬಲೆ. ಇಟ್ಟ ಮೊಟ್ಟೆ ಇಟ್ಟ ಕ್ಷಣವೇ ಉರುಳಿ ಕೈಗೆ ಸಿಗದಷ್ಟು ದೂರ ಹೋಗುತ್ತದೆ.

ಆದರೆ ಧೈರ್ಯಗೆಡಬೇಕಿಲ್ಲ. ಹೊರಗೆ ಕೋಳಮ್ಮನವರ ಹೆಸರಿನಲ್ಲಿ ಎಷ್ಟೊಂದು ಕೆಲಸ ನಡೆಯುತ್ತಿದೆ ಎಂಬ ವರದಿ ಒಪ್ಪಿಸುವುದಕ್ಕೇ ಈ ಪತ್ರ.

2016ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ಒಂದು ಚಳವಳಿಯಿದೆ. ಅದರ ಕಾರ್ಯಕರ್ತರು ಕಪ್ಪು ಬಟ್ಟೆ, ಬಿಳಿ ಮುಖವಾಡ ತೊಟ್ಟು, ಬೆನ್ನಿಗೆ ಬೆನ್ನು ಕೊಟ್ಟು ಚೌಕಾಕಾರದಲ್ಲಿ ನಿಲ್ಲುತ್ತಾರೆ. ಕೈಯಲ್ಲಿ ಲ್ಯಾಪ್‌ಟಾಪು, ಅದರ ಪರದೆಯ ಮೇಲೆ ಫಾರಂ ಮತ್ತು ಕಸಾಯಿಖಾನೆಯ ದೃಶ್ಯಗಳು. ಯಾರಾದರೂ ನಿಂತು ನೋಡಿದರೆ, ಮುಖವಾಡವಿಲ್ಲದ ಇನ್ನೊಬ್ಬ ಕಾರ್ಯಕರ್ತ ಬಂದು ಮಾತಿಗೆಳೆಯುತ್ತಾನೆ. ಪದ್ಧತಿ ಊರೂರು ದಾಟಿ ನಮ್ಮ ದೇಶಕ್ಕೂ ಬಂದಿದೆ. ಬೆಂಗಳೂರಿನ ಒಂದು ಬೀದಿಯಲ್ಲಿ ಕೈಯಲ್ಲಿ ಬಿಸಿ ಎಗ್ ಪಫ್ ಹಿಡಿದು ಬಂದ ಕಾಲೇಜು ಹುಡುಗ ಇಂಥ ಚೌಕದ ಮುಂದೆ ನಿಂತನೆಂದು ಇಟ್ಟುಕೊಳ್ಳೋಣ. ಕಾರ್ಯಕರ್ತೆ ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಅವನು ಕನ್ನಡದಲ್ಲಿ ತಲೆಯಾಡಿಸುತ್ತಾನೆ. ಕೊಟ್ಟ ಕರಪತ್ರವನ್ನು ವಿನಯದಿಂದ ತೆಗೆದುಕೊಂಡು, ಸೋರುತ್ತಿರುವ ಪಫ್‌ನ ಎಣ್ಣೆಗೆ ಅಡಿಹಾಸಾಗಿ ಇಟ್ಟುಕೊಳ್ಳುತ್ತಾನೆ. ಒಳಗಿನ ಅರ್ಧ ಮೊಟ್ಟೆ ಮತ್ತು ಹೊರಗಿನ ಕೋಳಿಯ ಚಿತ್ರ ಒಂದನ್ನೊಂದು ಇಷ್ಟು ಹತ್ತಿರದಿಂದ ಭೇಟಿಯಾಗಿದ್ದು ಬಹುಶಃ ಅದೇ ಮೊದಲು.

ಪರದೇಶದಿಂದ ಇನ್ನೂ ಎರಡು ಉಡುಗೊರೆ ಬಂದಿವೆ. 2009ರಲ್ಲಿ ಗಾಯಕ ಪಾಲ್ ಮೆಕಾರ್ಟ್ನಿ ತಮ್ಮ ಮಕ್ಕಳಾದ ಮೇರಿ, ಸ್ಟೆಲ್ಲಾ ಜೊತೆ ಸೇರಿ ‘ಮಾಂಸವಿಲ್ಲದ ಸೋಮವಾರ’ದ ಪ್ರಚಾರ ಶುರುಮಾಡಿದರು. ಒಳ್ಳೆಯದೇ. ನಮ್ಮಲ್ಲಿ ಎಷ್ಟೋ ಮಾಂಸಾಹಾರಿಗಳ ಮನೆಯಲ್ಲಿ ಸೋಮವಾರ ಶಿವನಿಗೆ, ಶನಿವಾರ ತಿಮ್ಮಪ್ಪನಿಗೆ, ಶ್ರಾವಣ ಪೂರ್ತಿ ಸಕಲ ದೇವರಿಗೆ ಮೀಸಲು; ಮೆಕಾರ್ಟ್ನಿಯವರ ಲೆಕ್ಕದಲ್ಲಿ ಇವರೆಲ್ಲ ಕ್ರಾಂತಿಕಾರಿಗಳು. ಶ್ರಾವಣದಲ್ಲಿ ಬೇಡಿಕೆ ಇಳಿಯುತ್ತದೆ, ಮೊಟ್ಟೆ ದರವೂ ಇಳಿಯುತ್ತದೆ, ಪಂಜರದ ಬಾಗಿಲು ಮಾತ್ರ ಇದ್ದಲ್ಲೇ ಇರುತ್ತದೆ. ಎರಡನೆಯದು, 2014ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ವೀಗನ್ಯುವರಿ’. ಜನವರಿ ತಿಂಗಳಿಡೀ ಹಾಲು, ಮೊಟ್ಟೆ, ಮಾಂಸ ಬಿಟ್ಟು ನೋಡಿ ಎಂಬ ಆಹ್ವಾನ. ಚಳಿಗಾಲದ ಲಂಡನ್ನಿನಲ್ಲಿ ಅದೊಂದು ತಪಸ್ಸೇ ಇರಬೇಕು. ಬೆಂಗಳೂರಿನಲ್ಲಿ ಜನವರಿಯೆಂದರೆ ಅವರೆಕಾಯಿ ಕಾಲ! ಸೊಗಡಿನ ಘಮಕ್ಕೆ ಬೀದಿಯೇ ತಲೆದೂಗುತ್ತದೆ, ವಿ.ವಿ.ಪುರಂ ಕಡೆಯ ಅವರೆಬೇಳೆ ಮೇಳಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಮನೆಗಳಲ್ಲಿ ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಟಿವಿ ಮುಂದೆ ಕೂತು ಹೆಬ್ಬೆರಳು ತೋರುಬೆರಳಿನ ನಡುವೆ ಹಿತಕಿದರೆ ಸಿಪ್ಪೆ ಒಂದು ಕಡೆ, ಹಸಿರು ಬೇಳೆ ಪಾತ್ರೆಗೆ ಟಪ್ಪೆಂದು ಇನ್ನೊಂದು ಕಡೆ. ಹಿತಕಬೇಳೆ ಸಾರು, ಮುದ್ದೆ. ಗಸಗಸೆ, ತೆಂಗಿನಕಾಯಿ ಅರೆದು ಬೆಲ್ಲ ಹಾಕಿದ ಪಾಯಸ. ಇವುಗಳಲ್ಲಿ ಯಾವ ಪ್ರಾಣಿಯ ಪಾಲೂ ಇಲ್ಲ. ಇವೆಲ್ಲ ಕಾಲಬುಡದಲ್ಲೇ ಇರುವಾಗ ಕೆಲವು ಪ್ರಚಾರಕರು ಮಾತ್ರ ದುಬಾರಿ ಬಾದಾಮಿ ಹಾಲಿನ ಡಬ್ಬ ಹಿಡಿದು ಬರುತ್ತಾರೆ. ಅದನ್ನೂ ಹಾಲು ಎಂದು ಕರೆದು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲೇ ಹೇಳಿಬಿಟ್ಟಿದೆ. ಎಕ್ಕದ ಹಾಲು, ಕಳ್ಳಿ ಹಾಲು, ತೆಂಗಿನ ಹಾಲು ಎನ್ನುತ್ತ ಬಂದ ಕನ್ನಡದ ಅಜ್ಜಿಯರಿಗೆ ಇನ್ನೂ ನೋಟಿಸು ತಲುಪಿದಂತಿಲ್ಲ.

ಕರಪತ್ರದವರಿಗೆ ಇನ್ನೊಂದು ತೊಡಕು ಇದೆ, ಅದು ಅವರು ಮಾಡಿದ್ದಲ್ಲ. ‘ಸಸ್ಯಾಹಾರ’ ಎಂಬ ಪದ ಇಲ್ಲಿ ಬಾಯಿಗೆ ಬರುತ್ತಲೇ ಕೇಳಿದವರ ಕಿವಿಗೆ ಜಾತಿಯಾಗಿ ಬೀಳುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಬೋರ್ಡು ಓದಿ ವಾಪಸಾದವನಿಗೆ ಅದು ಕೋಳಿಯ ಮೇಲಿನ ಕರುಣೆಯಿಂದ ಬರೆದದ್ದಲ್ಲ ಎಂದು ಚೆನ್ನಾಗಿ ಗೊತ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಆದ ಗದ್ದಲ ಕೋಳಮ್ಮನವರಿಗೂ ಕೇಳಿಸಿರಬೇಕು. ಮಕ್ಕಳ ಅಪೌಷ್ಟಿಕತೆ ನೀಗಲೆಂದು ಸರ್ಕಾರ ಮೊಟ್ಟೆ ಕೊಟ್ಟಿತು. ಕೆಲವು ಮಠಾಧೀಶರು ಬೇಡವೆಂದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ಬೇಕೇಬೇಕೆಂದು ಅವರಿಗೇ ಸವಾಲು ಹಾಕಿದ ವಿಡಿಯೊ ಮೊಬೈಲುಗಳಲ್ಲೆಲ್ಲ ಓಡಾಡಿತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಬಂದವು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಹುಡುಗಿ ಗೆದ್ದದ್ದು ನ್ಯಾಯವೇ; ಹಸಿದ ಮಗುವಿನ ತಟ್ಟೆಯಿಂದ ಪ್ರಾಣಿದಯೆ ಶುರುಮಾಡುವವರಿಗೆ ಇಲ್ಲಿ ಯಾರೂ ಕಿವಿಗೊಡುವುದಿಲ್ಲ, ಕೊಡಲೂಬಾರದು. ಆದರೆ ಅಷ್ಟೂ ದಿನದ ವಾಗ್ವಾದದಲ್ಲಿ ತಿನ್ನುವವರ ಧರ್ಮದ ಮಾತು ಬಂತು, ತಿನ್ನದವರ ಮೈಲಿಗೆಯ ಮಾತು ಬಂತು, ಇಟ್ಟವರ ಮಾತು ಬರಲೇ ಇಲ್ಲ.

ಹಾಗೆಂದು ಫಾರಂ ಕೋಳಿಗೂ ನಾಟಿ ಕೋಳಿಗೂ ಇರುವ ವ್ಯತ್ಯಾಸ ಜನಕ್ಕೆ ತಿಳಿಯದೆಂದಲ್ಲ. ಹಳೇ ಮೈಸೂರು ಕಡೆ ನೆಂಟರು ಬಂದಾಗ ಫಾರಂ ಕೋಳಿ ಬೇಯಿಸಿದರೆ ಮನೆಯವರ ಮರ್ಯಾದೆ ಹೋಯಿತು. ‘ಹತ್ತಿ ಅಗಿದಂಗದೆ’ ಎಂದು ನೆಂಟರು ಮುಖಕ್ಕೇ ಹೇಳುತ್ತಾರೆ. ತಿಪ್ಪೆ ಕೆದಕಿ, ಬೇಲಿ ಹಾರಿ, ನಾಯಿಗೆ ಹೆದರಿ ಓಡಿ ಬೆಳೆದ ನಾಟಿ ಕೋಳಿಯ ರುಚಿಯೇ ಬೇರೆ ಎಂದು ಅವರಿಗೆ ನಾಲಿಗೆಯಿಂದಲೇ ಗೊತ್ತು. ಯಾವ ಕರಪತ್ರವೂ ಈ ನಾಲಿಗೆಯ ಜೊತೆ ಮಾತಾಡಿದಂತಿಲ್ಲ.

ಕಾನೂನಿನ ಕಡೆಯ ಸುದ್ದಿ ತುಸು ಗಂಭೀರ. ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತು ರೂಪಾಯಿಗೆ ಹೆಚ್ಚಿಲ್ಲ. ಹತ್ತು ರೂಪಾಯಿಗೆ ಈಗ ಗಾಡಿಯಲ್ಲಿ ಬೇಯಿಸಿದ ಮೊಟ್ಟೆ ಎರಡು ಬರುವುದಿಲ್ಲ. ಕಾನೂನು ಆಯೋಗ 2017ರ ಜುಲೈನಲ್ಲಿ ತನ್ನ 269ನೇ ವರದಿಯನ್ನು ಇಡಿಯಾಗಿ ಕೋಳಿಗಳಿಗೇ ಮೀಸಲಿಟ್ಟಿತು. ಕೋಳಮ್ಮನವರ ಕುಲಕ್ಕೆ ಸಂದ ಗೌರವ ಸಣ್ಣದಲ್ಲ.

ಯುರೋಪಿನ ಕೋಳಿಗಳ ಬಗ್ಗೆ ಹೊಟ್ಟೆಕಿಚ್ಚು ಬೇಡ. ಅಲ್ಲಿ 1999ರಲ್ಲಿ ನಿರ್ಧರಿಸಿ, 2012ರಿಂದ ಬರೀ ತಂತಿಯ ಪಂಜರ ನಿಲ್ಲಿಸಿದರು. ಗೂಡು, ಅಡ್ಡಕೋಲು ಇಟ್ಟ ಪಂಜರ ಮಾತ್ರ ಉಳಿಸಿಕೊಂಡರು. ಅದೂ ಬೇಡವೆಂದು ಸುಮಾರು 14 ಲಕ್ಷ ನಾಗರಿಕರು ಸಹಿ ಹಾಕಿದರು. 2023ರ ಕೊನೆಯೊಳಗೆ ಮಸೂದೆ ತರುತ್ತೇವೆ ಎಂದು ಯುರೋಪಿಯನ್ ಆಯೋಗ 2021ರಲ್ಲಿ ಮಾತು ಕೊಟ್ಟಿತು. 2023 ಮುಗಿಯಿತು, ಮಸೂದೆ ಬರಲಿಲ್ಲ. ಕಡತ ಎಲ್ಲಿದ್ದರೂ ಕಡತವೇ. ಆದರೂ ಆ 14 ಲಕ್ಷ ಜನ ಪರರ ತಟ್ಟೆಯನ್ನು ಬಿಟ್ಟು ಪಂಜರದ ಚಿಲಕಕ್ಕೇ ಕೈಹಾಕಿದ್ದರು ಎಂಬುದನ್ನು ನಮ್ಮ ಮುಖವಾಡದ ಮಿತ್ರರು ಬಿಡುವಾದಾಗ ಗಮನಿಸಬಹುದು.

ಹಿರಿಯರಿಗೆ, ಎಡ ಬಲದ ಪಂಜರದವರಿಗೆ ನಮಸ್ಕಾರ ತಿಳಿಸುವುದು.

ಇತಿ,
ಮನುಷ್ಯಕುಲದ ಪರವಾಗಿ

ವಿ.ಸೂ.: ಈ ಪತ್ರವನ್ನು ಎ4 ಹಾಳೆಯಲ್ಲೇ ಮುದ್ರಿಸಲಾಗಿದೆ. ಓದಿಯಾದ ಮೇಲೆ ಕಾಲಡಿ ಹಾಸಿಕೊಳ್ಳಬಹುದು. ಅಂಚು ಹೆಚ್ಚಾಗಿ ಪಕ್ಕದವರ ಜಾಗಕ್ಕೆ ಚಾಚಿದರೆ ಮಡಚಿಕೊಳ್ಳುವುದು.